ಒಂಟಿ ಬೂರು

ಚರ್ಚಿನ ಪತ್ರಿಕೆಗೆ ವರದಿ ಬರೆಯುವ ಕೆಲಸ ಪ್ರತಿ ಸಲ ನನ್ನ ತಲೆಗೇ ಬಂದು ಬೀಳುತ್ತದೆ. ಅವಳು ಕನ್ನಡ ಚೆನ್ನಾಗಿ ಬರೀತಾಳೆ ಅನ್ನುವುದು ಬಾಯಿಮಾತು. ಬೇರೆ ಯಾರೂ ಒಪ್ಪುವುದಿಲ್ಲ, ಅಷ್ಟೇ. 2023ರ ಮೇ ತಿಂಗಳಲ್ಲಿ ನಮ್ಮ ಯುವಜನ ಸಂಘದ ಹದಿನಾಲ್ಕು ಮಂದಿ ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿರುವ, ಬುಟ್ಟಿ ಹೆಣೆಯುವ ಆದಿವಾಸಿಗಳಾದ ಕೊರಗರ ಒಂದು ಕಾಲನಿಗೆ ಮೂರು ದಿನದ ಮಿಷನ್ ಟ್ರಿಪ್ ಹೋಗಿ ಬಂದೆವು. ಆಗಲೂ ಹಾಗೇ ಆಯಿತು. ಒಂದು ಪುಟ ಬರೆದು ಕೊಟ್ಟೆ. ಎಷ್ಟು ಮಂದಿಯ ಬಿಪಿ ನೋಡಿದೆವು, ಅಂಗನವಾಡಿಯ ಗೋಡೆಗೆ ಯಾವ ಬಣ್ಣ ಬಳಿದೆವು, ಮಕ್ಕಳಿಗೆ ಯಾವ ಹಾಡು ಹೇಳಿಕೊಟ್ಟೆವು, ಎಲ್ಲ ಇತ್ತು. ನಡುವೆ ಒಂದು ಸಾಲು ಹೀಗಿತ್ತು: "ಗ್ರಾಮಸ್ಥರಿಂದ ಸಾಂಪ್ರದಾಯಿಕ ಕರಕುಶಲ ಕಲೆಗಳನ್ನು ಕಲಿತೆವು."

ಆ ಸಾಲು ಬರೆಯಲು ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆದರೆ ಅಚ್ಚಾಗಿ ಬಂದ ದಿನದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ ಅದು ನನ್ನನ್ನು ಕಾಡುತ್ತಿದೆ. ಸುಳ್ಳು ಅಂತ ಹೇಳುವ ಹಾಗಿಲ್ಲ. ಆದರೆ ಒಂದೊಂದೇ ಪದ ಹಿಡಿದು ನೋಡಿದರೆ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಗ್ರಾಮಸ್ಥರು ಅಂದೆ. ಆ ಕಾಲನಿ ಗ್ರಾಮದೊಳಗೆ ಇಲ್ಲ. ಊರಿನ ಬಸ್ ಸ್ಟಾಪಿನಿಂದ ಎರಡು ಕಿಲೋಮೀಟರ್ ಆಚೆ, ರಬ್ಬರ್ ತೋಟ ದಾಟಿದ ಮೇಲೆ ಸಿಗುತ್ತದೆ. ಊರಿನವರು ಅವರನ್ನು ಗ್ರಾಮಸ್ಥರು ಅಂತ ಕರೆದದ್ದನ್ನು ನಾನಂತೂ ಕೇಳಲಿಲ್ಲ. ಕಲೆಗಳು ಅಂದೆ. ನಾವು ಕೈಹಾಕಿದ್ದು ಒಂದೇ ಒಂದು ಬುಟ್ಟಿಗೆ. ಕಲಿತೆವು ಅಂದೆ. ಅದರ ಕಥೆಯನ್ನೇ ಈಗ ಹೇಳಬೇಕು.

ಟೈಮ್‌ಟೇಬಲಿಗೆ ಬುಟ್ಟಿ ಬಂದ ಬಗೆ

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಬುಟ್ಟಿ ಹೆಣೆಯುವುದನ್ನು ಕಲಿಯಬೇಕು ಅಂತ ನಮ್ಮಲ್ಲಿ ಯಾರಿಗೂ ಆಸೆ ಹುಟ್ಟಿರಲಿಲ್ಲ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಮೇಲೆ ಇಂಥ ಟ್ರಿಪ್ ಅಂದರೆ ಹಿರಿಯರಿಗೆಲ್ಲ ಸ್ವಲ್ಪ ಭಯ. ಕರಪತ್ರ ಒಯ್ಯಬೇಡಿ, ಮನೆಯೊಳಗೆ ಕೂತು ಪ್ರಾರ್ಥನೆ ಮಾಡಬೇಡಿ, ಅಕ್ಕಿ ಬಟ್ಟೆ ಹಂಚಬೇಡಿ ಅಂತ ಬುದ್ಧಿಮಾತು ಹೇಳಿ ಕಳಿಸಿದ್ದರು. ಹಾಗಾದರೆ ಮಧ್ಯಾಹ್ನ ಮೂರರಿಂದ ಐದರವರೆಗೆ ಏನು ಮಾಡುವುದು? ಆ ಖಾಲಿ ಜಾಗಕ್ಕೆ ಯಾರೋ 'ಕ್ರಾಫ್ಟ್' ಅಂತ ಬರೆದರು. ಯಾರಿಗೂ ತಕರಾರಿಲ್ಲದ ಪದ ಅದು. ಎರಡನೇ ದಿನ ಊರಿನ ಒಬ್ಬ ಗಂಡಸು ಬೈಕ್ ನಿಲ್ಲಿಸಿ, "ಎಲ್ಲಿಯವರು ನೀವು? ಇಲ್ಲಿ ಏನು ನಡೀತಾ ಉಂಟು?" ಅಂತ ಗದರಿಸಿದ ಹಾಗೆ ಕೇಳಿದ. ನಮ್ಮ ಹುಡುಗನೊಬ್ಬ ಥಟ್ಟನೆ, "ಬುಟ್ಟಿ ಕಲೀತಾ ಇದ್ದೇವೆ" ಅಂದ. ಆ ಗಂಡಸಿಗೆ ನಗು ಬಂತು. "ಬುಟ್ಟಿಯಾ? ಅದನ್ನು ಕಲಿಯಲಿಕ್ಕೆ ಮಂಗಳೂರಿಂದ ಬರಬೇಕಾ?" ಅಂತ ಹೇಳಿ ಬೈಕ್ ಸ್ಟಾರ್ಟ್ ಮಾಡಿದ. ನಾವು ಪಾರಾದೆವು. ಅಂದರೆ ಬುಟ್ಟಿ ನಮಗೆ ಒಂದು ಛತ್ರಿಯೂ ಆಗಿತ್ತು. ಇದನ್ನು ವರದಿಯಲ್ಲಿ ಬರೆಯಲಿಲ್ಲ.

ಕೊರಗರ ಬಗ್ಗೆ ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅವರು ಹದಿನೈದು ಸಾವಿರವೂ ಇರಲಿಲ್ಲ. ಅಜಲು ಪದ್ಧತಿ ನಿಲ್ಲಿಸಲು ಕಾಯ್ದೆ ಬರಬೇಕಾಯಿತು, ಅದೂ 2000ದಲ್ಲಿ. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಲು ಕೊಟ್ಟು ತಮ್ಮ ಪೀಡೆ ಕಳೆಯಿತು ಅಂದುಕೊಳ್ಳುತ್ತಿದ್ದರಲ್ಲ, ಆ ಅಜಲು. ಇದೆಲ್ಲ ಓದಿಕೊಂಡೇ ಹೋಗಿದ್ದೆವು. ಓದಿಕೊಂಡಿದ್ದರೂ ಮೊದಲನೆಯ ರಾತ್ರಿ ನಮ್ಮಲ್ಲೊಬ್ಬಳು ಅಲ್ಲಿಯ ಹಿರಿಯರೊಬ್ಬರ ಹತ್ತಿರ ಹೋಗಿ, ಡೋಲು ಬಾರಿಸ್ತೀರಾ, ಕ್ಯಾಂಪ್‌ಫೈರಿಗೆ ಚೆನ್ನಾಗಿರ್ತದೆ ಅಂತ ಕೇಳಿದಳು. ಅವರು ಸಿಟ್ಟಾಗಲಿಲ್ಲ. "ಇವತ್ತು ಕಂಬಳ ಇಲ್ಲವಲ್ಲ" ಅಂತ ಹೇಳಿ ಒಳಗೆ ಹೋದರು. ಕಂಬಳಕ್ಕೆ ಕೊರಗರಿಂದ ಡೋಲು ಬಾರಿಸುವುದೂ ಆ ಅಜಲಿನ ಭಾಗವೇ ಆಗಿತ್ತು ಅಂತ ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಊಟ ಮಾಡಲಿಲ್ಲ.

ಹದಿನಾರು

ಕಲಿಸಲು ಒಪ್ಪಿದವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಹೆಸರು ಇಲ್ಲಿ ಬೇಡ. ನಾವು ಅಕ್ಕ ಅನ್ನುತ್ತಿದ್ದೆವು. ಸರ್ಕಾರ ಕಟ್ಟಿಸಿ ಕೊಟ್ಟ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಒಂದು ದೊಡ್ಡ ಅಲ್ಯೂಮಿನಿಯಮ್ ಪಾತ್ರೆ, ಅದರ ನೀರಿನಲ್ಲಿ ಹಾವಿನ ಮರಿಗಳ ಹಾಗೆ ಸುತ್ತಿಕೊಂಡ ಬೂರುಗಳು. ತುಳುವಿನಲ್ಲಿ ಬಳ್ಳಿಗೆ ಬೂರು ಅನ್ನುತ್ತೇವೆ. ಕಾಡಿನಿಂದ ತಂದದ್ದು. ಸಿಪ್ಪೆ ತೆಗೆದು ದಪ್ಪದ್ದು ಬೇರೆ, ಸಪೂರದ್ದು ಬೇರೆ ಮಾಡಿ ಇಟ್ಟಿದ್ದರು.

ನಾನು ಅವರಿಗೆ 'ಈರ್' ಅಂದೆ. ತುಳುವಿನಲ್ಲಿ 'ಈ' ಅಂದರೆ ನೀನು, 'ಈರ್' ಅಂದರೆ ನೀವು. ಕೇಳಿದ್ದೇ ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಖುಷಿಯೋ ಅನುಮಾನವೋ ಗೊತ್ತಾಗಲಿಲ್ಲ. ಬಹುಶಃ ಎರಡೂ. ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು, ಅಂಗಡಿಯವರು, ಕಂಡಕ್ಟರು, ಎಲ್ಲರಿಂದಲೂ ಜೀವಮಾನವಿಡೀ 'ಈ' ಅಂತಲೇ ಕೇಳಿದವರು ಅವರು. ಅವರೂ ನನಗೆ 'ಈರ್' ಅಂತಲೇ ಶುರು ಮಾಡಿದರು. ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಉಂದೆನ್ ಕಲ್ತ್‌ದ್ ಇರೆಗ್ ದಾದ ಆವೊಡು?" ಇದನ್ನು ಕಲಿತು ನಿಮಗೆ ಏನಾಗಬೇಕು?

ನಾನು, "ಸುಮ್ನೆ, ಕಲೀಬೇಕು ಅಂತ ಆಸೆ" ಅಂದೆ. ಅವರು "ಹ್ಞೂಂ" ಅಂದರು. ಉತ್ತರ ಸಾಲಲಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಅಡಿಯಿಂದ ಶುರು. ದಪ್ಪ ಬೂರು ಎಂಟು. ನಾಲ್ಕನ್ನು ಒತ್ತೊತ್ತಾಗಿ ಉದ್ದಕ್ಕೆ ಇಡಬೇಕು, ನಾಲ್ಕನ್ನು ಅವುಗಳ ಮೇಲೆ ಅಡ್ಡಕ್ಕೆ. ನಡುವೆ ಎಡಗಾಲಿನ ಪಾದ ಒತ್ತಿ ಹಿಡಿಯಬೇಕು. ಇಲ್ಲೇ ನಮ್ಮಲ್ಲಿ ಅರ್ಧ ಜನ ಸೋತರು. ಜೀನ್ಸ್ ಹಾಕಿಕೊಂಡು ಹಾಗೆ ಕೂರಲು ಆಗುವುದಿಲ್ಲ. ಕೂತರೂ ಪಾದದಲ್ಲಿ ಹಿಡಿತ ಇರುವುದಿಲ್ಲ. ಅಕ್ಕನ ಪಾದ ಇನ್ನೊಂದು ಕೈಯ ಹಾಗಿತ್ತು. ಹೆಬ್ಬೆರಳು ಬೇರೆಯೇ, ಉಳಿದ ಬೆರಳುಗಳು ಬೇರೆಯೇ ಕೆಲಸ ಮಾಡುತ್ತಿದ್ದವು. ಆಮೇಲೆ ಸಪೂರ ಬೂರು ತೆಗೆದುಕೊಂಡು ಒಂದರ ಮೇಲೆ, ಒಂದರ ಕೆಳಗೆ, ಒಂದರ ಮೇಲೆ, ಒಂದರ ಕೆಳಗೆ ಅಂತ ಸುತ್ತು ಬರುವುದು. ನೋಡಲು ಇದಕ್ಕಿಂತ ಸುಲಭದ್ದು ಬೇರೆ ಇಲ್ಲ.

ನಾನು ಒಂದು ಸುತ್ತು ಬಂದೆ. ಎರಡನೇ ಸುತ್ತಿಗೆ ಹೊರಟಾಗ ಏನೋ ಸರಿ ಇಲ್ಲ ಅನ್ನಿಸಿತು. ಮೊದಲ ಸುತ್ತಿನಲ್ಲಿ ಯಾವುದರ ಮೇಲೆ ಹೋಗಿತ್ತೋ ಎರಡನೆಯದರಲ್ಲೂ ಅದರ ಮೇಲೆಯೇ ಹೋಗುತ್ತಿತ್ತು. ಮೂರನೆಯದೂ ಹಾಗೇ. ಒಂದರ ಮೇಲೊಂದು ಸುಮ್ಮನೆ ಕೂರುತ್ತಿತ್ತು, ಕಚ್ಚಿಕೊಳ್ಳುತ್ತಿರಲಿಲ್ಲ. ಬೆರಳಿನಲ್ಲಿ ತಳ್ಳಿದರೆ ಇಡೀ ಸುತ್ತೇ ಜಾರಿ ಬರುತ್ತಿತ್ತು. ಅಕ್ಕ ಅದನ್ನು ಮೊದಲೇ ನೋಡಿದ್ದರು. ಏನೂ ಹೇಳದೆ ಅಡಿಕೆ ಜಗಿಯುತ್ತಾ ಕೂತಿದ್ದರು. ನಾನು ನಾಲ್ಕನೇ ಸುತ್ತಿಗೆ ಕೈ ಹಾಕಿದಾಗ ಅವರ ತಾಳ್ಮೆ ಮುಗಿಯಿತು. "ಈ ದಾದ ಮಲ್ಪುನ?" ಅಂತ ಕೈಯಿಂದ ಕಸಿದುಕೊಂಡರು. ನೀನೇನು ಮಾಡ್ತಿದ್ದೀ? 'ಈರ್' ಹೋಗಿ 'ಈ' ಬಂದಿತ್ತು, ಮೊಮ್ಮಗಳಿಗೆ ಬೈದ ಹಾಗೆ. ಆ ಮೂರು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹಿತವಾದ ಕ್ಷಣ ಅದೇ.

"ಎಣಿಸು" ಅಂದರು. ಎಣಿಸಿದೆ. ಎಂಟು ಬೂರು, ಎರಡೆರಡು ತುದಿ, ಹದಿನಾರು. "ಜೋಡಿ ಜೋಡಿ ಇದ್ದರೆ ಹೆಣಿಗೆ ತಿರುಗುವುದಿಲ್ಲ. ಒಂದು ಒಂಟಿ ಬೇಕು." ಪಾತ್ರೆಯಿಂದ ಇನ್ನೊಂದು ಬೂರು ತೆಗೆದರು. ಅರ್ಧಕ್ಕೆ ಕತ್ತರಿಸಿ ನಡುವಿನ ಸಂದಿಗೆ ಚುಚ್ಚಿದರು. ಹದಿನೇಳಾಯಿತು. ನಾನು ಹೆಣೆದದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಸುತ್ತಿದರು. ಈಗ ಮೊದಲ ಸುತ್ತಿನಲ್ಲಿ ಮೇಲೆ ಹೋದ ಕಡೆ ಎರಡನೆಯದು ತಾನಾಗಿ ಕೆಳಗೆ ಹೋಯಿತು. ಕಚ್ಚಿಕೊಂಡಿತು. ಬೆಸ ಸಂಖ್ಯೆ ಅಂದರೆ ಏನು ಅಂತ ನಾನು ಎರಡನೇ ಕ್ಲಾಸಿನಲ್ಲಿ ಕಲಿತಿದ್ದೆ. ಅದು ಬೇಕಾಗುವುದು ಯಾವುದಕ್ಕೆ ಅಂತ ಗೊತ್ತಾಗಲು ಮೂವತ್ತೊಂಬತ್ತು ವರ್ಷ ಆಗಬೇಕಾಯಿತು.

ಆಮೇಲಿನದ್ದೆಲ್ಲ ಹೆಬ್ಬೆರಳಿನ ಕೆಲಸ. ಪ್ರತಿ ಸುತ್ತನ್ನೂ ಉಗುರಿನಿಂದ ಕೆಳಕ್ಕೆ ಒತ್ತಬೇಕು, ಒಣಗುತ್ತಾ ಬಂದರೆ ನೀರು ಚಿಮುಕಿಸಬೇಕು. ಅಡಿ ಒಂದು ಗೇಣು ಆದಮೇಲೆ ಹದಿನೇಳು ಪಕ್ಕೆಲುಬುಗಳನ್ನೂ ಮೇಲಕ್ಕೆ ಬಗ್ಗಿಸಬೇಕು. ಬಗ್ಗಿಸುವಾಗ ಎರಡು ಮುರಿದೆ. ಬೂರು ಮುರಿಯುವ ಮೊದಲು ಸಣ್ಣಕ್ಕೆ ಒಂದು ಸದ್ದು ಮಾಡುತ್ತದೆ. ಅಕ್ಕನಿಗೆ ಅದು ಕೇಳಿಸುತ್ತದೆ, ನನಗೆ ಮುರಿದ ಮೇಲೆ ಕೇಳಿಸುತ್ತದೆ. ಎರಡು ಮಧ್ಯಾಹ್ನ ಕೂತು ನನ್ನ ಬುಟ್ಟಿ ಅಂಗೈ ಎತ್ತರ ಬೆಳೆಯಿತು, ಒಂದು ಕಡೆ ವಾಲಿಕೊಂಡು. ತೋರುಬೆರಳಿನ ಬದಿ ಸೀಳಿ ರಕ್ತ ಬಂದಿತ್ತು. ಆ ಹೊತ್ತಿಗೆ ಅಕ್ಕ ಮಾತಾಡುತ್ತಾ ಆಡುತ್ತಾ ಮೂರು ಕುಕ್ಕೆ ಮುಗಿಸಿದ್ದರು.

ನಮ್ಮವರು ಬಿಟ್ಟುಬಂದ ಕೆಲಸ

ಮಿಷನ್ ಮತ್ತು ಕೈಕೆಲಸ ಅಂದಕೂಡಲೇ ನಮ್ಮ ಸಭೆಯವರ ಎದೆ ಒಂದು ಇಂಚು ಉಬ್ಬುತ್ತದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದರು, ಧಣಿಗಳು ಗೇಣಿಯ ಗದ್ದೆ ಬಿಡಿಸಿದರು. ಅವರ ಹೊಟ್ಟೆಪಾಡಿಗೆ ಏನಾದರೂ ಮಾಡಬೇಕಾಯಿತು. ನೇಯ್ಗೆ ಕಾರ್ಖಾನೆ ಬಂತು. ಖಾಕಿ ಬಣ್ಣ ಹುಟ್ಟಿದ್ದೇ ನಮ್ಮ ಬಲ್ಮಠದಲ್ಲಿ ಅಂತ ನಮ್ಮವರು ಈಗಲೂ ಹೇಳಿಕೊಳ್ಳುತ್ತಾರೆ. 1865ರಲ್ಲಿ ಪ್ಲೆಬ್‌ಸ್ಟ್ ಅನ್ನುವ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಂಗಳೂರು ಹಂಚು ಊರೂರಿನ ಮಾಡು ಏರಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಕಾರ್ಖಾನೆಗಳನ್ನು ಕಿತ್ತುಕೊಂಡರು. ಆದರೂ ಆ ಹೆಮ್ಮೆ ಹಾಗೇ ಉಳಿದಿದೆ. ಮಿಷನ್ ಅಂದರೆ ಕೈಗೆ ಕೆಲಸ ಕಲಿಸಿದವರು ಅಂತ.

ಇದರಲ್ಲಿ ಒಂದು ತುಂಡು ನಾವು ಯಾವಾಗಲೂ ಹಾರಿಸಿ ಹೇಳುತ್ತೇವೆ. ಹಾಗೆ ಕ್ರೈಸ್ತರಾದವರಲ್ಲಿ ತುಂಬ ಮಂದಿ ಬಿಲ್ಲವರು. ಮೂರ್ತೆ ಕೆಲಸದವರು, ಮರ ಹತ್ತಿ ಕಳ್ಳು ಇಳಿಸುವವರು. ಕಳ್ಳು ಮಿಷನ್ನಿಗೆ ಆಗುತ್ತಿರಲಿಲ್ಲ. ದೀಕ್ಷಾಸ್ನಾನ ಬೇಕಾದರೆ ಮೂರ್ತೆ ಬಿಡಬೇಕು. ನನ್ನ ಅಜ್ಜನ ಅಜ್ಜ ಹಾಗೆ ಬಿಟ್ಟವರಲ್ಲಿ ಒಬ್ಬರು ಅಂತ ಮನೆಯಲ್ಲಿ ಹೇಳುವುದುಂಟು. ಹಂಚಿನ ಕಾರ್ಖಾನೆಗೆ ಸೇರಿದರು. ಗಂಟೆ ಹೊಡೆದಾಗ ಹೋಗುವುದು, ಗಂಟೆ ಹೊಡೆದಾಗ ಬರುವುದು. ಹೊಂಬಾಳೆಯನ್ನು ಎಷ್ಟು ದಿನ ಹೇಗೆ ಬಡಿಯಬೇಕು, ಯಾವ ಹದದಲ್ಲಿ ತುದಿ ಕೆತ್ತಬೇಕು, ಮಳೆಗಾಲದಲ್ಲಿ ಜಾರುವ ಮರಕ್ಕೆ ಕಾಲು ಹೇಗೆ ಕೊಡಬೇಕು, ಅದೆಲ್ಲ ಅವರ ಕೈಕಾಲಿನಲ್ಲಿ ಇದ್ದಿರಬೇಕು. ಒಂದೇ ತಲೆಮಾರಿನಲ್ಲಿ ಹೋಯಿತು. ಇವತ್ತು ನಮ್ಮ ಮನೆಯಲ್ಲಿ ತೆಂಗಿನಕಾಯಿ ಕೀಳಲು ಜನ ಸಿಗದೆ ಅಮ್ಮ ಮರದ ಕೆಳಗೆ ಬಿದ್ದ ಕಾಯಿ ಹೆಕ್ಕುತ್ತಾರೆ.

ಆ ಅಜ್ಜನ ಅಜ್ಜನ ಹತ್ತಿರ ಯಾರೂ ಮಧ್ಯಾಹ್ನ ಮೂರರಿಂದ ಐದರವರೆಗೆ ಮೂರ್ತೆ ಕಲಿಯಲು ಬರಲಿಲ್ಲ. ಬಂದಿದ್ದರೆ ಅವರಿಗೆ ಏನನ್ನಿಸುತ್ತಿತ್ತೋ. ಆ ಕೆಲಸ ಬಿಟ್ಟದ್ದಕ್ಕೆ ಅವರಿಗೆ ದುಃಖವಿತ್ತು ಅಂತ ನಾನು ಹೇಳಲಾರೆ. ಮಕ್ಕಳು ಶಾಲೆಗೆ ಹೋದರು, ಮೊಮ್ಮಕ್ಕಳು ಟೀಚರು, ನರ್ಸು ಆದರು. ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ಎಸಿ ಕೆಳಗೆ ಕೂತಿದ್ದೇನೆ. ಹೀಗಿರುವಾಗ ಬೇರೊಬ್ಬರ ಜಗುಲಿಯಲ್ಲಿ ಕೂತು, "ಅಯ್ಯೋ ಅಕ್ಕ, ಇದನ್ನೆಲ್ಲ ಉಳಿಸಬೇಕು" ಅಂತ ಹೇಳಲು ನನಗೆ ಹಕ್ಕು ಎಲ್ಲಿಂದ ಬಂತು? ಹೇಳಿದ್ದೆ, ನಾಚಿಕೆಯಾಗುತ್ತದೆ. ಮೊದಲ ದಿನವೇ ಹೇಳಿದ್ದೆ.

ಇನ್ನೊಂದು ವಿಷಯವೂ ಆ ಜಗುಲಿಯಲ್ಲೇ ನೆನಪಾದದ್ದು. ನಾನು ಚಿಕ್ಕವಳಿದ್ದಾಗ ಅಜ್ಜಿಯ ಮನೆಗೆ ವರ್ಷಕ್ಕೆ ಎರಡು ಸಲ ಒಬ್ಬ ಕೊರಗರ ಹೆಂಗಸು ಬರುತ್ತಿದ್ದರು. ತಲೆಯ ಮೇಲೆ ಕುಕ್ಕೆ, ತಡ್ಪೆ, ಕುಡುಪು ಪೇರಿಸಿಕೊಂಡು. ಕುಡುಪು ಗೊತ್ತಲ್ವಾ, ಗಂಜಿ ಬಸಿಯುವಾಗ ಅನ್ನದ ಪಾತ್ರೆಯ ಬಾಯಿಗೆ ಇಡುವ ಬೂರಿನ ಬುಟ್ಟಿ. ಮಂಗಳೂರಿನ ಹತ್ತಿರದ ಕುಡುಪು ಕ್ಷೇತ್ರಕ್ಕೆ ಹೆಸರು ಬಂದಿದ್ದು ಅದರಿಂದಲೇ ಅನ್ನುತ್ತಾರೆ. ಆ ಹೆಂಗಸು ಎದುರಿನ ಬಾಗಿಲಿಗೆ ಬರುತ್ತಿರಲಿಲ್ಲ. ಹಿಂದೆ, ಬಚ್ಚಲಿನ ಆಚೆ, ಹಲಸಿನ ಮರದ ಕೆಳಗೆ ನಿಂತು ಕೂಗುತ್ತಿದ್ದರು. ಅಜ್ಜಿ ಪ್ರತಿ ಭಾನುವಾರ ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುವವರು. ಅವರು ಅಕ್ಕಿ ಅಳೆದು ಹಾಕುತ್ತಿದ್ದರು, ಮೋಸವಿಲ್ಲದೆ, ಒಂದು ಹಿಡಿ ಜಾಸ್ತಿಯೇ. ಚಾ ಕೂಡ ಕೊಡುತ್ತಿದ್ದರು. ತೆಂಗಿನ ಗೆರಟೆಯಲ್ಲಿ. ಆ ಗೆರಟೆ ಬಚ್ಚಲಿನ ಮಾಡಿನ ಎಡೆಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿತ್ತು, ಬೇರೆ ಯಾವುದಕ್ಕೂ ಬಳಸುವಂತಿರಲಿಲ್ಲ. ನಾನು ಒಮ್ಮೆ ಅದರಲ್ಲಿ ಮಣ್ಣು ತುಂಬಿ ಆಟ ಆಡಿದ್ದಕ್ಕೆ ಸ್ನಾನ ಮಾಡಿಸಿದ್ದರು. ಆ ಹೆಂಗಸಿಗೆ ಅಜ್ಜಿ 'ಈ' ಅನ್ನುತ್ತಿದ್ದರು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಪ್ರಾಯ.

ಕ್ರೈಸ್ತರಾಗಿ ನೂರು ವರ್ಷ ದಾಟಿದ ಮನೆ ಅದು.

ದೃಷ್ಟಾಂತ

ಎರಡನೇ ದಿನ ಸಂಜೆ ಅಂಗನವಾಡಿಯ ಅಂಗಳದಲ್ಲಿ ನಾವು ನಾವೇ ಕೂತು ಪ್ರಾರ್ಥನೆ ಮಾಡಿದೆವು. ಕಾಲನಿಯ ನಾಲ್ಕೈದು ಮಂದಿ ಸುಮ್ಮನೆ ನೋಡಲು ಬಂದು ಬದಿಯಲ್ಲಿ ಕೂತಿದ್ದರು. ನಮ್ಮ ತಂಡದ ನಾಯಕ ಮಾತಾಡಲು ಎದ್ದ. ನನ್ನ ಹದಿನಾರರ ಕಥೆ ಅವನಿಗೆ ಗೊತ್ತಾಗಿತ್ತು. ಅದನ್ನೇ ಎತ್ತಿಕೊಂಡ. ಹದಿನಾರು ಬೂರುಗಳಿಂದ ಬುಟ್ಟಿ ಆಗಲಿಲ್ಲ, ಒಂಟಿಯಾದ ಒಂದು ಬೂರು ಬಂದಮೇಲೆ ಎಲ್ಲವೂ ಕೂಡಿಕೊಂಡಿತು. ಲೋಕ ಯಾರನ್ನು ಒಂಟಿ ಅಂತ ಬಿಟ್ಟಿದೆಯೋ ದೇವರು ಅವರಿಂದಲೇ ಬುಟ್ಟಿ ಹೆಣೆಯುತ್ತಾನೆ. ಮಾತಿನಲ್ಲಿ ಬೈಬಲಿನ ತೊಂಬತ್ತೊಂಬತ್ತು ಕುರಿ ಬಂತು, ಕಳೆದುಹೋದ ಒಂದು ಕುರಿ ಬಂತು. ಚೆನ್ನಾಗಿಯೇ ಮಾತಾಡಿದ. ಎಲ್ಲರೂ ಆಮೆನ್ ಅಂದೆವು. ನಾನೂ ಅಂದೆ.

ಮುಗಿದ ಮೇಲೆ ಅಕ್ಕ ಹತ್ತಿರ ಬಂದು ಮೆಲ್ಲಗೆ, "ಅವರು ಹೇಳಿದ್ದು ಯಾವ ಬೂರಿನ ವಿಷಯ?" ಅಂತ ಕೇಳಿದರು. ಏನು ಹೇಳುವುದು? "ನೀವು ನಿನ್ನೆ ಚುಚ್ಚಿದ್ರಲ್ವಾ, ಅದು" ಅಂದೆ. "ಅದರಲ್ಲಿ ಅಷ್ಟು ಹೇಳಲಿಕ್ಕೆ ಎಂತ ಉಂಟು?" ಅಂದರು.

ನಮ್ಮ ಕಡೆ ಇದೊಂದು ಚಟ. ಯಾವುದನ್ನೂ ಅದರ ಪಾಡಿಗೆ ಬಿಡುವುದಿಲ್ಲ. ಬೀಜ ಕಂಡರೆ ದೃಷ್ಟಾಂತ, ದೀಪ ಕಂಡರೆ ದೃಷ್ಟಾಂತ. ಚರ್ಚಿನ ಪ್ರಸಂಗ ಕೇಳಿ ಕೇಳಿ ಬೆಳೆದವರಿಗೆ ಎಲ್ಲ ವಸ್ತುವೂ ಇನ್ನೇನನ್ನೋ ಹೇಳುವ ಹಾಗೆ ಕಾಣುತ್ತದೆ. ಬೈಬಲಿನಲ್ಲಿ ಬುಟ್ಟಿಗೇನು ಕಮ್ಮಿ? ಮೋಶೆ ನದಿಯಲ್ಲಿ ತೇಲಿದ್ದು ಆಪು ಹುಲ್ಲಿನ ಬುಟ್ಟಿಯಲ್ಲಿ. ದಮಸ್ಕದ ಗೋಡೆಯಿಂದ ಪೌಲನನ್ನು ಇಳಿಸಿದ್ದು ಬುಟ್ಟಿಯಲ್ಲಿ. ಐದು ರೊಟ್ಟಿ ಎರಡು ಮೀನು ಐದು ಸಾವಿರ ಜನಕ್ಕೆ ಸಾಕಾಗಿ ಉಳಿದದ್ದು ಹನ್ನೆರಡು ಬುಟ್ಟಿ. ಆ ರೊಟ್ಟಿಯ ಮೇಲೆ ನಾನು ಕನಿಷ್ಠ ಐವತ್ತು ಪ್ರಸಂಗ ಕೇಳಿದ್ದೇನೆ. ಬುಟ್ಟಿ ಹೆಣೆದವರು ಯಾರು ಅಂತ ಯಾರೂ ಕೇಳಿದ್ದಿಲ್ಲ. ಅಕ್ಕನ ಜಗುಲಿಯಲ್ಲಿ ಕೂತಮೇಲೆ ನನಗೆ ಅದೇ ಯೋಚನೆ. ಹನ್ನೆರಡು ಬುಟ್ಟಿ ಅಂದರೆ ಒಬ್ಬರಿಗೆ ಕಡಿಮೆ ಅಂದರೂ ಐದಾರು ದಿನದ ಕೆಲಸ.

ಅಕ್ಕನಿಗೊಬ್ಬಳು ಮೊಮ್ಮಗಳು. ಬಿಕಾಂ ಎರಡನೇ ವರ್ಷ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಕ್ಕಳನ್ನು ಹಿಡಿದು ಕೂರಿಸಿದವಳು ಅವಳೇ. ಅಜ್ಜಿ ಹೆಣೆಯುತ್ತಿದ್ದಾಗ ನಾವು ಫೋಟೊ ತೆಗೆಯುತ್ತಿದ್ದೆವು. ಅವಳು ಥಟ್ಟನೆ ಎದ್ದು ಬಾಗಿಲ ಹಿಂದೆ ಹೋದಳು. ನಾನು ಹೋಗಿ ಬಾ ಅಂತ ಕರೆದೆ. "ಬುಟ್ಟಿ ಇರುವ ಫೋಟೊದಲ್ಲಿ ನಾನು ಬರುವುದಿಲ್ಲ ಅಕ್ಕ" ಅಂದಳು. ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲವಂತೆ. ಸ್ಕಾಲರ್‌ಶಿಪ್ ಲಿಸ್ಟು ನೋಟಿಸ್ ಬೋರ್ಡಿಗೆ ಹಾಕುವ ದಿನ ರಜೆ ಮಾಡುತ್ತಾಳಂತೆ. "ನಿಮಗೆ ಬುಟ್ಟಿ ಹಿಡಿದುಕೊಂಡ್ರೆ ಲೈಕ್ ಬರ್ತದೆ. ನನಗೆ ಬೇರೆ ಏನೋ ಬರ್ತದೆ" ಅಂತ ನಕ್ಕಳು. ಅವಳಿಗೆ ಹೆಣೆಯಲು ಬರುತ್ತದೆಯೇ ಅಂತ ಕೇಳಿದೆ. "ಬರದೆ ಇರ್ತದಾ?" ಅಂದಳು. ನನ್ನ ವಾಲಿದ ಬುಟ್ಟಿಯನ್ನು ಕೈಗೆ ತೆಗೆದುಕೊಂಡು ಎಡಗೈಯಲ್ಲಿ ಎರಡು ಸುತ್ತು ಸರಿ ಮಾಡಿದಳು, ಕಣ್ಣು ಬಾಗಿಲ ಕಡೆಗಿಟ್ಟು. ಆಮೇಲೆ ಕೆಳಗಿಟ್ಟಳು.

ಅಕ್ಕ ಇದನ್ನು ನೋಡಿಯೂ ನೋಡದ ಹಾಗಿದ್ದರು. ಮೊಮ್ಮಗಳು ಕಲಿತ ಕೆಲಸ ಮುಂದುವರಿಸಬೇಕು ಅಂತ ಅವರಿಗೆ ಆಸೆ ಇದೆಯಾ ಅಂತ ನಾನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಬಿಕಾಂ ಫೀಸಿಗೆ ದುಡ್ಡು ಬರುತ್ತಿರುವುದು ಇದೇ ಕುಕ್ಕೆಗಳಿಂದ ಅಂತ ಆಗಲೇ ಗೊತ್ತಾಗಿತ್ತು.

ನೀರಿಗೆ ಹಾಕಿದೆ

ಮೂರನೇ ದಿನ ಬೆಳಿಗ್ಗೆ ಹೊರಡುವ ಮೊದಲು ನನ್ನ ಅರ್ಧ ಬುಟ್ಟಿ ತೆಗೆದುಕೊಳ್ಳಲು ಹೋದೆ. ಆಫೀಸಿನ ಮೇಜಿನ ಮೇಲೆ ಇಡುವುದು ಅಂತ ಆಗಲೇ ತೀರ್ಮಾನವಾಗಿತ್ತು. ಪೆನ್ನು, ಸ್ಟೇಪ್ಲರ್ ಹಾಕಲು. ಯಾರಾದರೂ ಕೇಳಿದರೆ ನಾನೇ ಹೆಣೆದದ್ದು ಅನ್ನಬಹುದು. ಜಗುಲಿಯಲ್ಲಿ ಬುಟ್ಟಿ ಕಾಣಲಿಲ್ಲ.

"ಅದಾ? ಬಿಚ್ಚಿ ನೀರಿಗೆ ಹಾಕಿದೆ" ಅಂದರು ಅಕ್ಕ.

ಪಾತ್ರೆಯಲ್ಲಿ ನನ್ನ ಎರಡು ಮಧ್ಯಾಹ್ನಗಳು ನೆನೆಯುತ್ತಿದ್ದವು. ಯಾವುದು ನನ್ನದು ಅಂತ ಗುರುತು ಸಿಗಲಿಲ್ಲ. ಒಂದು ಬೂರಿನ ಮೇಲೆ ಮಾತ್ರ ಕಂದು ಬಣ್ಣದ ಕಲೆ ಇದ್ದ ಹಾಗೆ ಕಂಡಿತು, ನನ್ನ ಬೆರಳಿನದ್ದಿರಬೇಕು. ಮುಖ ಸಪ್ಪೆಯಾದದ್ದು ಅವರಿಗೆ ಕಂಡಿರಬೇಕು. "ಹತ್ತು ಕುಕ್ಕೆಗೆ ಮಾತು ಕೊಟ್ಟಿದ್ದೇನೆ, ಅಡಿಕೆ ತೋಟದವರಿಗೆ. ಬೂರು ಕಮ್ಮಿ ಬಿತ್ತು. ಒಂದು ಹೊರೆ ತರಬೇಕಾದರೆ ಬೆಳಿಗ್ಗೆ ಕತ್ತಲೆಗೆ ಹೋಗಬೇಕು. ಮೊದಲಿನ ಹಾಗೆ ಹತ್ತಿರ ಎಲ್ಲಿ ಉಂಟು? ಅಲ್ಲೆಲ್ಲ ರಬ್ಬರ್. ಮೇಲೆ ಹೋದರೆ ಗಾರ್ಡಿನವರು ಕೇಳ್ತಾರೆ" ಅಂದರು. ಕಾಡಿನ ಕಿರು ಉತ್ಪನ್ನ ತರಲು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವಕಾಶ ಇದೆ ಅಂತ ನಾನು ಹೇಳಿದೆ. ಹೇಳುತ್ತಿದ್ದ ಹಾಗೇ ಬಾಯಿ ಮುಚ್ಚಿಕೊಂಡೆ. ಅವರಿಗೆ ಗೊತ್ತಿತ್ತು. ಗಾರ್ಡಿಗೂ ಗೊತ್ತಿತ್ತು.

ಆಗ ಒಂದು ಕುಕ್ಕೆಗೆ 150 ರೂಪಾಯಿ. ತೋಟದವರು 120ಕ್ಕೆ ಕೇಳುತ್ತಿದ್ದರು, ಪ್ಲಾಸ್ಟಿಕ್ ಬುಟ್ಟಿಯ ರೇಟು ಹೇಳಿ. ಮಂಗಳೂರಿನ ಮಾಲಿನ ಅಂಗಡಿಯೊಂದರಲ್ಲಿ ಅಷ್ಟೇ ದೊಡ್ಡದು, ಇಷ್ಟು ಗಟ್ಟಿಯೂ ಇಲ್ಲದ್ದು, 650ಕ್ಕೆ ಇಟ್ಟದ್ದನ್ನು ನಾನೇ ನೋಡಿದ್ದೇನೆ.

ನಮ್ಮ ನಾಯಕ ಗೌರವಧನ ಅಂತ ಒಂದು ಲಕೋಟೆ ಕೊಟ್ಟ. 500 ರೂಪಾಯಿ. ಲಕೋಟೆಯ ಮೇಲೆ ಬಣ್ಣದಲ್ಲಿ ಬೈಬಲಿನ ಒಂದು ವಚನ ಅಚ್ಚಾಗಿತ್ತು. ಅಕ್ಕ ನೋಟು ತೆಗೆದು ಸೆರಗಿನ ಗಂಟಿಗೆ ಹಾಕಿಕೊಂಡರು. ಲಕೋಟೆಯನ್ನು ನೆಟ್ಟಗೆ ಮಾಡಿ ತಿರುಗಿ ಕೊಟ್ಟರು. "ಗಟ್ಟಿ ಉಂಟು, ಇನ್ನೊಂದು ಕಡೆಗೆ ಆಗ್ತದೆ."

ವ್ಯಾನಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಲೆಕ್ಕ ಹಾಕುತ್ತಿದ್ದೆ. ಎರಡು ಮಧ್ಯಾಹ್ನ, ನಮಗೆ ಕಲಿಸುವುದರಲ್ಲಿ ಹೋದ ಹೊತ್ತು, ನಾವು ಮುರಿದ ಬೂರು. ಆ 500ರಲ್ಲಿ ಅವರಿಗೆ ಉಳಿದದ್ದು ಹೆಚ್ಚೇನಲ್ಲ. ಮನೆಗೆ ಬಂದು ವರದಿ ಬರೆದೆ. "ಕಲಿತೆವು" ಅಂತ.

ಕಳೆದ ವರ್ಷ ಜುಲೈಯಲ್ಲಿ, ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಭಾನುವಾರ, ನಾನೊಬ್ಬಳೇ ಸ್ಕೂಟರಿನಲ್ಲಿ ಅಲ್ಲಿಗೆ ಹೋದೆ. ಟ್ರಿಪ್ಪೂ ಇಲ್ಲ, ಟೀಶರ್ಟೂ ಇಲ್ಲ. ಒಂದು ಕುಡುಪು ಮಾಡಿಸಬೇಕು ಅಂತ ಮನಸ್ಸಾಗಿತ್ತು. ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಇನ್ನೂ ನನ್ನ ಹತ್ತಿರ ಇಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದರು. ಹೆಸರು ನೆನಪಿರಲಿಲ್ಲ. ಕೈ ನೋಡಿದ ಮೇಲೆ, "ಹದಿನಾರು ಹಾಕಿದವಳಲ್ವಾ ನೀನು?" ಅಂತ ಬಾಯಿ ತುಂಬ ನಕ್ಕರು. ಮೊಮ್ಮಗಳು ಪರೀಕ್ಷೆ ಮುಗಿಸಿ ಉಡುಪಿಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದಾಳಂತೆ. ಹಾಸ್ಟೆಲ್ಲಿನಲ್ಲಿ ಇರುತ್ತಾಳೆ.

ಕುಡುಪು ಅಂದದ್ದಕ್ಕೆ, "ಈಗ ಬೂರು ಇಲ್ಲ, ಮಳೆಗೆ ಮೇಲೆ ಹೋಗಲಿಕ್ಕೆ ಆಗುವುದಿಲ್ಲ. ದೀಪಾವಳಿ ಕಳೆದು ಬಾ" ಅಂದರು. ಅಡ್ವಾನ್ಸ್ ಕೊಡಲು ಹೋದೆ, ಬೇಡ ಅಂದರು. "ಪಾತ್ರೆಯ ಬಾಯಿ ಎಷ್ಟು?" ನಾನು ಎರಡೂ ಕೈಯಲ್ಲಿ ಗಾಳಿಯಲ್ಲಿ ಒಂದು ವೃತ್ತ ಮಾಡಿ ತೋರಿಸಿದೆ. ತಲೆ ಅಲ್ಲಾಡಿಸಿದರು. "ಕೈ ಲೆಕ್ಕ ಆಗುವುದಿಲ್ಲ. ನಿನ್ನ ಕೈಯಂತೂ ಬೇಡವೇ ಬೇಡ. ಒಂದು ದಾರದಲ್ಲಿ ಅಳತೆ ತೆಗೆದುಕೊಂಡು ಬಾ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಯಾವ ಪಾತ್ರೆಗೆ?" ಅಂತ ಕೇಳಿದರು. ಆಗಲೇ ನನಗೂ ಹೊಳೆದದ್ದು. ನಮ್ಮಲ್ಲಿ ಕುಚ್ಚಲಕ್ಕಿಯನ್ನೂ ಕುಕ್ಕರಿನಲ್ಲೇ ಇಟ್ಟು ಹದಿನೈದು ವರ್ಷದ ಮೇಲಾಯಿತು. ಗಂಜಿ ಬಸಿಯುವ ಪಾತ್ರೆಯೇ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಅಟ್ಟದ ಏಣಿ ಹಿಡಿದುಕೋ ಅಂದರು. ಅಜ್ಜಿಯ ಅನ್ನದ ಪಾತ್ರೆ ಅಲ್ಲಿ ಬೋರಲು ಹಾಕಿದ್ದು ಹಾಗೇ ಇತ್ತು. ಒಳಗೆ ಹಲ್ಲಿಯ ಮೊಟ್ಟೆಯ ಸಿಪ್ಪೆ. ಒರೆಸಿ ನೆಲದ ಮೇಲಿಟ್ಟೆವು. ಹೊಲಿಗೆ ಡಬ್ಬಿಯಿಂದ ಅಮ್ಮ ಕಪ್ಪು ನೂಲು ತಂದರು. ನಾನು ಒಂದು ತುದಿ ಬಾಯಿಯ ಅಂಚಿಗೆ ಒತ್ತಿ ಹಿಡಿದೆ, ಅಮ್ಮ ನೂಲನ್ನು ಸುತ್ತ ತಂದು ಕೂಡಿದ ಕಡೆ ಒಂದು ಗಂಟು ಹಾಕಿದರು.